ಅಣ್ಣ ಅರ ಹಾಕಿದ ಕಾರ್ಡು

ನಮ್ಮಣ್ಣ ಬೀಗ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಪಕ್ಕ ಅವನ ಗೂಡಂಗಡಿ. ಹೊಸ ಕೀಲಿ ಬೀಗದೊಳಗೆ ಹೋಗದಿದ್ದರೆ ಅರ ತೆಗೆದು ಉಜ್ಜುತ್ತಾನೆ, ತೂರಿಸಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. "ಹೋಗಲ್ಲ ಅನ್ನೋ ಮಾತೇ ನನ್ನತ್ರ ಇಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಾನೆ. ಬಂದವರೆಲ್ಲ ಅವನನ್ನು ಅಟ್ಟಕ್ಕೇರಿಸಿ ಹೋಗುತ್ತಾರೆ. ನನಗೆ ಮಾತ್ರ ಅವನ ಮುಖ ಕಂಡರೆ ಪಿತ್ತ ನೆತ್ತಿಗೇರುತ್ತದೆ.

ಅತ್ತಿಗೆಯದು ಆಗ ಎಂಬ್ರಾಯ್ಡರಿ ಕೆಲಸ. ಹಿಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮೆಷಿನ್ನು, ಅದನ್ನು ನಡೆಸುವ ಒಂದು ಹಳೆಯ ಕಂಪ್ಯೂಟರು. ಅವಳು ಶಾಲೆಗಳಿಗೆ ಬ್ಯಾಡ್ಜು ಹೊಲಿಯುತ್ತಿದ್ದಳು, ನಾನು ದಾರ ಕತ್ತರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಅವಳದೇ ಅನ್ನುವಂಥದ್ದು ಇದ್ದದ್ದು ಅದೊಂದೇ.

ಒಂದು ದಿನ ಪರದೆಯ ತುಂಬ ಗೆರೆಗಳು ಬರತೊಡಗಿದವು. ಕಂಪ್ಯೂಟರ್ ರಿಪೇರಿಯವನು ಬಂದು ನೋಡಿ, "ಗ್ರಾಫಿಕ್ಸ್ ಕಾರ್ಡ್ ಹೋಗ್ತಾ ಇದೆ ಅಕ್ಕ. ಅದು ಕೂರೋ ಈ ಮದರ್‌ಬೋರ್ಡಿಗೆ ಈಗಿನ ಕಾರ್ಡು ಆಗಲ್ಲ, ತೀರಾ ಹಳೇದೂ ಆಗಲ್ಲ. ಸರಿಯಾದ್ದು ಹುಡುಕಿ ತರ್ತೀನಿ, ಸ್ವಲ್ಪ ತಡೀರಿ" ಎಂದ. ಅತ್ತಿಗೆ ಒಪ್ಪಿದಳು.

ಅಣ್ಣನಿಗೆಲ್ಲಿಯ ತಾಳ್ಮೆ! ನಾವಿಬ್ಬರೂ ಶಾಲೆಗೆ ಬ್ಯಾಡ್ಜು ಕೊಡಲು ಹೋದದ್ದೇ ತಡ, ಗುಜರಿ ಅಂಗಡಿಯಿಂದ ಯಾವುದೋ ಓಬೀರಾಯನ ಕಾಲದ ಕಾರ್ಡು ತಂದಿದ್ದಾನೆ. ಬೋರ್ಡಿನ ಸ್ಲಾಟಿನಲ್ಲಿ ಒಂದು ಸಣ್ಣ ಅಡ್ಡಗಟ್ಟು ಇರುತ್ತದೆ. ಕಾರ್ಡಿನ ಅಂಚಿನಲ್ಲಿ ಕೊರೆದ ಕಚ್ಚು ಅದರ ನೇರಕ್ಕೆ ಇದ್ದರೆ ಮಾತ್ರ ಒಳಗೆ ಕೂರುತ್ತದೆ. ಇದರ ಕಚ್ಚು ಬೇರೆ ಕಡೆ ಇತ್ತು. ಮಹಾಶಯ ಅರ ತೆಗೆದು ಇನ್ನೊಂದು ಕಚ್ಚು ಮಾಡಿದ, ಒತ್ತಿ ಕೂರಿಸಿದ, ಸ್ವಿಚ್ಚು ಹಾಕಿದ.

ನಾವು ಬಾಗಿಲಿಗೆ ಬರುವಾಗಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ರಿಪೇರಿಯವನು ಬಂದು ಕಾರ್ಡು ಕಿತ್ತು ನೋಡಿ ಹಣೆ ಚಚ್ಚಿಕೊಂಡ. "ತಪ್ಪು ಕಾರ್ಡ್ ಒಳಗೆ ಹೋಗ್ಬಾರ್ದು ಅಂತಾನೇ ಅಣ್ಣಾ ಆ ತಡೆ ಇಟ್ಟಿರೋದು. ಇದರ ವೋಲ್ಟೇಜೇ ಬೇರೆ. ಬೋರ್ಡ್ ಸುಟ್ಟೋಯ್ತು."

"ಒಳಗೆ ಸಲೀಸಾಗಿ ಹೋಯ್ತಲ್ಲಯ್ಯಾ!" ಎಂದ ನಮ್ಮಣ್ಣ. ನಾಚಿಕೆಯಾದರೂ ಬೇಡವೇ?

ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಹೋಗ್ಲಿ ಬಿಡೇ, ಹೊಸ ಕಂಪ್ಯೂಟರ್ ತಂದ್ರಾಯ್ತು" ಎಂದ.

"ಈ ಮೆಷಿನ್ನಿನ ವೈರಿಗೆ ಹೊಸದ್ರಲ್ಲಿ ಕಿಂಡೀನೇ ಇರಲ್ಲ, ಎಲ್ಲಿ ಸಿಕ್ಕಿಸ್ತೀರಿ? ಅದನ್ನೂ ಉಜ್ಜುತ್ತೀರಾ?"

"ನಿನಗೆ ಒಳ್ಳೇದಾಗ್ಲಿ ಅಂತ ತಾನೇ ಮಾಡಿದ್ದು..."

"ಒಂದು ಮಾತು ಕೇಳಿದ್ರಾ ನನ್ನ?" ಎಂದಳು ಅತ್ತಿಗೆ. "ಈ ಕೋಣೆಗೆ ಬೀಗ ಹಾಕ್ಕೊಂಡು ಹೋಗ್ಬೇಕಿತ್ತು ನಾನು. ಹಾಕಿದ್ರೂ ಏನು ಬಂತು? ನಿಮಗೆ ಯಾವ ಬೀಗ ತಾನೇ ಲೆಕ್ಕ?"

ಅಣ್ಣ ಅರವನ್ನು ಜೇಬಿಗೆ ತುರುಕಿಕೊಂಡು ಅಂಗಡಿಗೆ ನಡೆದ.

ರಿಪೇರಿಯವನು ಎಷ್ಟು ಅಲೆದರೂ ಅಂಥ ಬೋರ್ಡು ಸಿಗಲಿಲ್ಲ. ಬ್ಯಾಡ್ಜಿನ ಕೆಲಸ ಬೇರೆಯವರ ಪಾಲಾಯಿತು. ಈಗ ಅತ್ತಿಗೆ ಬಟ್ಟೆ ಫ್ಯಾಕ್ಟರಿಯಲ್ಲಿ ಯಾರದೋ ಮೆಷಿನ್ನಿನ ಮುಂದೆ ಕೂತು, ಮೇಸ್ತ್ರಿಯ ಕೈಲಿ ಬೈಸಿಕೊಂಡು ಕಾಲರ್ ಹೊಲಿಯುತ್ತಾಳೆ. ಬೆಳಿಗ್ಗೆ ಅವಳನ್ನು ಗೇಟಿನವರೆಗೆ ಬಿಟ್ಟು ಬರುವವನು ಅಣ್ಣನೇ. ದಾರಿಯುದ್ದಕ್ಕೂ ಅವಳು ಅವನ ಜೊತೆ ಮಾತಾಡುವುದಿಲ್ಲ.