ಖಣ ಹೊದ್ದ ಲ್ಯಾಪ್‌ಟಾಪ್

2007ರಲ್ಲಿ ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇತ್ತು. ಅಲ್ಲಿಗೆ ಬಂದ ಯಂತ್ರಗಳಲ್ಲಿ ಬಹುತೇಕ ಮರೆತುಹೋಗಿವೆ. ಗುಳೇದಗುಡ್ಡದ ಮಹಾದೇವಿಯವರದು ಮರೆತಿಲ್ಲ.

ಅವರ ತಂದೆ ಕುಪ್ಪಸದ ಖಣ ನೇಯುತ್ತಿದ್ದವರು. ಕಣ್ಣು ಮಂಜಾದ ಮೇಲೆ ಹಳೆಯ ನಮೂನೆಗಳನ್ನು ನೆನಪಿನಿಂದಲೇ ಎಳೆ ಎಣಿಸಿ ಬಾಯಲ್ಲಿ ಹೇಳುತ್ತಿದ್ದರಂತೆ. ಮಗಳು ಲ್ಯಾಪ್‌ಟಾಪಿನಲ್ಲಿ ಚೌಕ ಚೌಕವಾಗಿ ತುಂಬುತ್ತಿದ್ದರು. ಎಂಟು ತಿಂಗಳಲ್ಲಿ ನಲವತ್ತಮೂರು ನಮೂನೆ. ಆಮೇಲೆ ತಂದೆ ತೀರಿಕೊಂಡರು. ನಮೂನೆಗಳು ಬೇರೆಲ್ಲೂ ಇರಲಿಲ್ಲ.

ಯಂತ್ರ ಕಾದು ತಾನೇ ಬಂದ್ ಆಗುತ್ತದೆ ಎಂದು ಮೊದಲ ಸಲ ತಂದರು. ನಾನು ಹೊಸ BIOS ಹಾಕಿದೆ. ಫ್ಯಾನು ಎಷ್ಟು ತಿರುಗಬೇಕು, ಪ್ರೊಸೆಸರ್ ಎಷ್ಟು ಓಡಬೇಕು ಎಂದು ಹೇಳುವ ಒಳಗಿನ ಪ್ರೋಗ್ರಾಂ ಅದು. ಹೊಸದು, ಬಿಸಿ 85 ಡಿಗ್ರಿ ದಾಟಿದರೆ ಪ್ರೊಸೆಸರಿನ ವೇಗವನ್ನು ಅರ್ಧಕ್ಕೆ ಇಳಿಸುತ್ತಿತ್ತು.

ವಾರಕ್ಕೆ ಮತ್ತೆ ಬಂದರು.

"ಬಂದ್ ಆಗವಲ್ದು ಖರೆ ಸರ್, ಆದ್ರ ಎತ್ತಿನ ಬಂಡಿ ಆಗೇತಿ. ಮೊದಲ ಬಿಸಿ ಆದ್ರೂ ಓಡ್ತಿತ್ರಿ."

ಯಾಕೆ ಅಷ್ಟು ಬಿಸಿಯಾಗುತ್ತದೆ ಎಂದು ನಾನು ಕೇಳಬೇಕಿತ್ತು. ಮೇಜಿನ ಮೇಲೆ ಇನ್ನೂ ಹನ್ನೊಂದು ಯಂತ್ರಗಳಿದ್ದವು. "ಹಳೇ BIOSನ್ನ ಹಾಕಿ ಕೊಡ್ತೇನ್ರಿ ಅಕ್ಕಾರ," ಅಂದೆ. ಹಾಕಿಯೂ ಕೊಟ್ಟೆ, ಹಾಳಾದ ಅವಸರ.

ಒಂಬತ್ತನೆಯ ದಿನ ಯಂತ್ರ ಮರಳಿ ಬಂತು. ಕಾದು ಕಾದು, ಮಾಹಿತಿ ಬರೆದುಕೊಳ್ಳುತ್ತಿದ್ದಾಗಲೇ ಮತ್ತೆ ಮತ್ತೆ ಬಂದ್ ಆಗಿ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಆಗ, ಮೊದಲ ಬಾರಿಗೆ, ಬಿಚ್ಚಿ ನೋಡಿದೆ. ಗಾಳಿ ಹೋಗುವ ಕಿಂಡಿಯ ತುಂಬ ನೂಲಿನ ಧೂಳು ಮೆತ್ತಿಕೊಂಡಿತ್ತು.

"ಇದನ್ನ ಎಲ್ಲಿ ಇಡ್ತೀರಿ?"

"ಮಗ್ಗದ ಕೋಣ್ಯಾಗರಿ. ಕೆಲಸ ಅರ್ಧಕ್ಕ ಬಿಟ್ಟು ಎದ್ರ, ಚಾಲೂ ಇದ್ದಂಗನ ಮ್ಯಾಲೊಂದು ಖಣ ಹೊಚ್ಚತೇನಿ. ಮಗ್ಗದ ಮ್ಯಾಲಿನ ಅರಿವಿಗೂ ಹಂಗ ಹೊಚ್ಚತೇವಲ್ರಿ, ಧೂಳ ಬೀಳಬಾರದಂತ."

ಯಂತ್ರಕ್ಕೆ ಗಾಳಿ ಕಟ್ಟಿದ್ದು ಅದೇ, ಆದರೆ ಮನೆತನದ ಶಿಸ್ತು ಅದು. ಅವರ ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

"ಅಪ್ಪಾರು ಹೇಳಿದ್ದು ಒಂದಾದ್ರೂ ಸಿಗತೈತೇನ್ರಿ?"

"ಇಲ್ರಿ."

ಅವರು ಅಳಲಿಲ್ಲ. ನನಗಾಗ ಏನೂ ಅನ್ನಿಸಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಒಂದೂ ಬಿಡದೆ ಮತ್ತೆ ಬಿಗಿದೆ, ಏನೋ ಉಪಯೋಗವಿದೆ ಎಂಬಂತೆ. ಅವರು ಅದನ್ನು ಅದೇ ಖಣದಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು. ನಾನು ಮುಂದಿನ ಯಂತ್ರ ಎತ್ತಿಕೊಂಡೆ. ಅಷ್ಟು ಸಲೀಸಾಗಿ ಎತ್ತಿಕೊಂಡೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ನಿಧಾನವಾದದ್ದು ಯಂತ್ರದ ರೋಗವಲ್ಲ. ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಗಿರಾಕಿಯ ಮಾತಿಗೆ ತಲೆಯಾಡಿಸಿ ಆ ಕಾವಲನ್ನು ತೆಗೆದವನು ನಾನು. ಅಂದಿನಿಂದ ಯಾರೇ ಬರಲಿ, ಎಲ್ಲಿ ಇಡ್ತೀರಿ ಎಂದು ಮೊದಲು ಕೇಳುತ್ತೇನೆ, ಕೈ ಹಾಕುವ ಮುಂಚೆ ಒಳಗಿದ್ದುದರ ಪ್ರತಿ ತೆಗೆಯುತ್ತೇನೆ. ನಲವತ್ತಮೂರು ನಮೂನೆಗೆ ಒಂದು ಸಿಡಿ ಸಾಕಿತ್ತು. ಖಾಲಿ ಸಿಡಿಗಳ ಡಬ್ಬಿ ಮೊದಲ ಎರಡೂ ಸಲ ನನ್ನ ಮೇಜಿನ ಮೇಲೆಯೇ ಇತ್ತು.