ಪೆರುಮಾಳನ ಕಾಲಿಗಾಗಿ ಭದ್ರಾವತಿಗೆ

ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಸಿಟಿ ಬಸ್ಸು ಹತ್ತಿದಾಗ ಬೆಳಗಿನ ಏಳು ಗಂಟೆ ದಾಟಿತ್ತು, ಬೆನ್ನಿಗೆ ಆಗಲೇ ಬೆವರು. ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸಿನ ತುಂಬ ಹೆಂಗಸರು. ಅವರಿಗೆ ಟಿಕೆಟ್ ಪುಕ್ಕಟೆ, ಸೀಟೂ ಅವರದೇ. ಅರವತ್ತಾರು ತುಂಬಿದ, ಮಂಡಿನೋವಿನ ನಾನು ದುಡ್ಡು ಕೊಟ್ಟು ಕಂಬಿ ಹಿಡಿದು ನಿಂತೆ. ದಾರಿ ಇಪ್ಪತ್ತು ಕಿಲೋಮೀಟರು ಆದೀತು.

ಶೋಕಿಗೆ ಹೊರಟವನಲ್ಲ ನಾನು. ಗೆಳೆಯ ಪೆರುಮಾಳನ ಬಲಗಾಲು ಕೊಳೆಯುತ್ತಿತ್ತು. ಮಂಡಿಯ ಕೆಳಗೆ ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದೇ ತಡ, ಅವನು ಆಸ್ಪತ್ರೆಯಿಂದ ಎದ್ದು ಭದ್ರಾವತಿಯ ಮನೆಗೆ ಹೋಗಿ ಕೂತಿದ್ದ. "ನೀವಾದ್ರೂ ಬಂದು ಬುದ್ಧಿ ಹೇಳಿ ಅಣ್ಣಾ" ಎಂದು ಅವನ ಹೆಂಡತಿ ಕಮಲ ಫೋನಿನಲ್ಲಿ ಅತ್ತಿದ್ದಳು.

ಮಾಚೇನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸದವರು ಇಳಿದ ಮೇಲೆ ಸೀಟು ಸಿಕ್ಕಿತು. ಪೆರುಮಾಳನೂ ನಾನೂ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಒಂದೇ ಕುಲುಮೆಯ ಮುಂದೆ ಬೆಂದವರು. ಅಲ್ಲಿ ಸುಟ್ಟ ಬೊಬ್ಬೆಯನ್ನು ಯಾರಿಗೂ ತೋರಿಸುವಂತಿರಲಿಲ್ಲ. ತೋರಿಸಿದರೆ "ಏನಮ್ಮಾ ಮದುಮಗಳೇ" ಎಂದು ಮೇಸ್ತ್ರಿಯಿಂದ ಹಿಡಿದು ಎಲ್ಲರೂ ಆಡಿಕೊಳ್ಳುತ್ತಿದ್ದರು. ನೋವು ನುಂಗುವುದೇ ಗಂಡಸ್ತನ ಎಂದು ಕಲಿತೆವು. ಹಾಳು ವಿದ್ಯೆ ಅದು, ವಯಸ್ಸಾದ ಮೇಲೆ ಒಂದು ಕಾಸಿನ ಪ್ರಯೋಜನಕ್ಕೆ ಬರಲಿಲ್ಲ.

ಹೋದ ವರ್ಷ ಕಮಲಳಿಗೆ ಎದೆಯ ಕ್ಯಾನ್ಸರ್ ಆಪರೇಷನ್ ಆದಾಗ ಪೆರುಮಾಳ ತನ್ನ ಕೇರಿಯ ಮಾರಿಯಮ್ಮನಿಗೆ ಕೆಂಡ ಹಾಯುವ ಹರಕೆ ಹೊತ್ತ. ಎರಡು ತಿಂಗಳ ಹಿಂದೆ ಹಾಯ್ದ. ಉಳಿದವರು ದಡದಡ ಓಡಿದರೆ ಇವನು ಮದುವೆ ಚಪ್ಪರದಲ್ಲಿ ನಡೆದಂತೆ ನಿಧಾನಕ್ಕೆ ನಡೆದನಂತೆ. ಬಿಸಿಯೇ ತಟ್ಟಲಿಲ್ಲ, ಅಮ್ಮ ಹರಕೆ ಒಪ್ಪಿದಳು, ಇನ್ನು ಕಮಲ ಬದುಕುತ್ತಾಳೆ ಎಂದು ಕಂಡವರಿಗೆಲ್ಲ ಹೇಳಿದ. ಕೇರಿಯವರು ಅವನ ಕಾಲಿಗೆ ಬಿದ್ದರು. ಸಕ್ಕರೆ ಕಾಯಿಲೆ ಆ ಕಾಲುಗಳನ್ನು ಎಂದೋ ಮರಗಟ್ಟಿಸಿತ್ತು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬಲಗಾಲಿನ ಬೊಬ್ಬೆ ಒಡೆದು ಹುಣ್ಣಾದಾಗಲೂ ನೋವಿಲ್ಲವಲ್ಲ ಎಂದು ಅರಿಸಿನ ಬಳಿದುಕೊಂಡು ಕೂತ.

ಭದ್ರಾವತಿಯಲ್ಲಿ ಇಳಿದು ಆಟೋ ಹಿಡಿದೆ. ಅವನ ಮನೆಯ ಬಾಗಿಲಲ್ಲೇ ಊದುಬತ್ತಿಯ ಜೊತೆ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಕಮಲ ಬಡಿಸಿದ ಇಡ್ಲಿಯನ್ನು ಪಕ್ಕಕ್ಕೆ ಸರಿಸಿ ಅವನ ಎದುರು ಕೂತೆ.

"ಬಾ ಮಾರಾಯ. ಕಾಲು ಕಡಿಸೋಕೆ ಬಂದ್ಯಾ?" ಎಂದ ಪೆರುಮಾಳ.

"ನಿನ್ನ ಉಳಿಸೋಕೆ ಬಂದೆ. ಸಕ್ಕರೆಯಿಂದ ಕಾಲು ಸತ್ತಿತ್ತು ಕಣೋ. ಅದಕ್ಕೇ ಬಿಸಿ ಗೊತ್ತಾಗ್ಲಿಲ್ಲ."

"ಹಂಗಾದ್ರೆ ಅಮ್ಮ ಒಪ್ಪಲಿಲ್ಲ ಅಂತೀಯಾ? ಅಮ್ಮ ಒಪ್ಪಲಿಲ್ಲ ಅಂದ್ರೆ ಇವಳ ಗತಿ ಏನು? ಕಾಲು ಕೊಳೀಲಿ, ನಾನು ಸತ್ರೂ ಸಾಯ್ತೀನಿ. ಅದು ಸುಳ್ಳು ಅಂತ ಮಾತ್ರ ಒಪ್ಪಲ್ಲ."

ಅವನು ಹಟ ಹಿಡಿದಿದ್ದು ಕಾಲಿಗಾಗಿ ಅಲ್ಲ, ಅವಳ ಜೀವಕ್ಕಾಗಿ ಎಂದು ನನಗೆ ಆಗ ತಿಳಿಯಿತು.

ಅವನು ನನ್ನ ಮುಖ ನೋಡಿ ಬೈಯುತ್ತಲೇ ಇದ್ದ. ಕಮಲ ಸದ್ದಿಲ್ಲದೆ ಕೆಳಗೆ ಕೂತು, ಅವನ ಚೆನ್ನಾಗಿದ್ದ ಎಡಗಾಲಿನ ಬೆರಳನ್ನು ಉಗುರು ನಾಟುವಂತೆ ಚಿವುಟಿ ಹಿಡಿದಳು. ಅವನ ಮಾತು ನಿಲ್ಲಲಿಲ್ಲ.

"ಸ್ವಲ್ಪ ಕೆಳಗೆ ನೋಡ್ರೀ" ಎಂದಳು.

ನೋಡಿದ. ಬಹಳ ಹೊತ್ತು ನೋಡಿದ. ಕುಲುಮೆಯ ಮುಂದೆ ಒಮ್ಮೆಯೂ ಅಳದವನು ಅಂದು ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ.

"ಹಂಗಾದ್ರೆ ಹರಕೆ?" ಎಂದ ಕೊನೆಗೆ.

"ಹರಕೆ ಅಮ್ಮನ ಹತ್ರ ಇರ್ಲಿ. ನನ್ನ ಎದೆ ಕುಯ್ದಾಗ ನೀವೇ ಹೇಳಿದ್ರಲ್ಲ, ಹೋಗಿದ್ದು ಹೋಗ್ಲಿ, ಉಳಿದಷ್ಟರಲ್ಲಿ ಬದುಕೋಣ ಅಂತ. ನಾನು ಬದುಕ್ತಾ ಇಲ್ವಾ?" ಎಂದವಳೇ ನನ್ನ ಕಡೆ ತಿರುಗಿದಳು. "ಅಣ್ಣಾ, ಕಾರಿಗೆ ಹೇಳಿ."

ಮಧ್ಯಾಹ್ನದ ಬಿಸಿಲಲ್ಲಿ ಶಿವಮೊಗ್ಗಕ್ಕೆ ಹೊರಟೆವು. ನಾನು ಮುಂದೆ ಡ್ರೈವರ್ ಪಕ್ಕ ಕೂತೆ. ಹಿಂದೆ ಪೆರುಮಾಳ ಕಣ್ಣು ಮುಚ್ಚಿ ಬಾಗಿಲಿಗೆ ಒರಗಿದ್ದ, ಎಡಗಾಲು ಕಮಲಳ ಮಡಿಲಲ್ಲಿತ್ತು. ಕಾರು ಹೊರಟಾಗ ಅವಳು ಅದನ್ನು ಮೆಲ್ಲಗೆ ಒತ್ತತೊಡಗಿದ್ದಳು.

ಶಿವಮೊಗ್ಗ ಹತ್ತಿರವಾದಾಗ ಪೆರುಮಾಳ ಕಣ್ಣು ತೆರೆಯದೆಯೇ ಹೇಳಿದ: "ಸಾಕು ಬಿಡು ಕಮಲಾ. ಹಿತವಾಗಿದೆ. ಆಗಿನಿಂದ ಒತ್ತಿ ಒತ್ತಿ ನಿನ್ನ ಕೈ ನೋಯುತ್ತೆ."

ನಾನು ತಿರುಗಿ ನೋಡಿದೆ. ಅಳು ಕೇಳಿಸಬಾರದೆಂದು ಅವಳು ಎರಡೂ ಕೈಯಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.