ಗಾಲಿಯ ಹೊಳಪು ಮತ್ತು ಇಲ್ಲದ ನಾಯಿ

ಮೋಟಾರ್‌ಸೈಕಲ್ಲಿನ ಗಾಲಿಯಲ್ಲಿ ಕೊಳೆ ಎಲ್ಲಕ್ಕಿಂತ ಭದ್ರವಾಗಿ ಕೂರುವುದು ಸ್ಪೋಕ್ ಕಡ್ಡಿಗಳು ರಿಮ್ಮಿನೊಳಗೆ ತೂರುವ ಪುಟ್ಟ ಸಂದುಗಳಲ್ಲಿ. ಹಳೆಯ ಹಲ್ಲುಜ್ಜುವ ಬ್ರಶ್ಶು, ಸಬಕಾರದ ನೀರು ಮತ್ತು ನಿವೃತ್ತ ಮಾಸ್ತರರ ಸಹನೆ ಇಲ್ಲದೆ ಅದು ಬಿಡುವುದಿಲ್ಲ. ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟುಕೊಂಡಿರುವ ನನಗೆ ಸಹನೆಯನ್ನು ಗಿರಾಕಿಗಳೇ ದಿನಾ ಕಲಿಸುತ್ತಾರೆ. ರವಿವಾರ ಬೆಳಿಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಗಾಲಿ ತಿಕ್ಕುವ ನನ್ನನ್ನು ಕಂಡ ಓಣಿಯವರು ಇದನ್ನು ವಾಹನಪ್ರೇಮವೆಂದು ಭಾವಿಸಿದ್ದರು. ಅದು ಪ್ರಾಯಶ್ಚಿತ್ತವಾಗಿತ್ತೆಂಬುದನ್ನು ನಿಮಗಾದರೂ ಹೇಳಿಬಿಡುತ್ತೇನೆ.

ಗುರುವಾರಕ್ಕೊಮ್ಮೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗುವುದು ನಮ್ಮ ವಾಡಿಕೆ. ಹೋದ ವರ್ಷ ಒಂದು ಗುರುವಾರ, ದೇವರ ಊರಿಗೆ ಹೋಗುವ ಗಾಡಿ ಪೂಜೆಯ ಉಪಕರಣದಂತೆ ಬೆಳಗಬೇಕೆಂಬ ಭಕ್ತಿ, ಅದರಲ್ಲಿ ಮುಕ್ಕಾಲು ಪಾಲು ಡೌಲು, ನನ್ನ ತಲೆಗೇರಿತು. ರಿಮ್ಮು ಬೆಳಗಿದ ಮೇಲೆ ಟಾಯರು ಮಂಕಾಗಿ ಕಂಡಿತು. ಅವ್ವ ತಲೆಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯನ್ನೇ ಅದಕ್ಕೂ ಹಚ್ಚಿದೆ. ಪಕ್ಕಕ್ಕಷ್ಟೇ ಅಲ್ಲ, ನೆಲಕ್ಕೆ ತಾಗುವ ಮೈಗೂ. ಅಕ್ಕಲಕೋಟ ರಸ್ತೆಗೆ ಹೊರಳುವ ತಿರುವಿನಲ್ಲೇ ಗಾಲಿ ಜಾರಿತು. ನನ್ನ ಮೊಣಕಾಲು ತರಚಿತು, ಅವ್ವನ ಬಲಗೈ ಮುರಿಯಿತು. ಎಲುಬು ಕೂಡಿತು, ಆದರೆ ರೊಟ್ಟಿ ಬಡಿಯುವ ಕಸುವು ಮರಳಲಿಲ್ಲ. ಆ ಸಪ್ಪಳವಿಲ್ಲದ ಅಡುಗೆಮನೆಯ ಮುಂದೆ ಹಾಯುವಾಗ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಕೇಳಿದವರಿಗೆಲ್ಲ ನಾಯಿ ಅಡ್ಡ ಬಂತೆಂದೆ. ಇಲ್ಲದ ಆ ನಾಯಿ ಹೇಳಿದಷ್ಟೂ ಬೆಳೆಯಿತು. ಮೊದಲು ಬರೀ ನಾಯಿ, ಆಮೇಲೆ ಕರಿ ನಾಯಿ. ಹನ್ನೂರಿನಿಂದ ಸೋದರಮಾವ ನೋಡಲು ಬರುವಷ್ಟರಲ್ಲಿ ಅದಕ್ಕೊಂದು ಕುಂಟು ಕಾಲೂ ಬಂದಿತ್ತು. ಅವ್ವ ಗುರುವಾರ ಎಡಗೈಯಲ್ಲಿ ಕಂಬ ಹಿಡಿದು ಎಸ್‌ಟಿ ಬಸ್ಸಿನಲ್ಲಿ ಹೋಗತೊಡಗಿದಳು. ಗಾಡಿ ಮೇಲೆ ಬಾ ಎಂದು ಕರೆಯುವ ಧೈರ್ಯ ನನಗಾಗಲಿಲ್ಲ. ನಾನು ಗಾಲಿ ತಿಕ್ಕುತ್ತ ಉಳಿದೆ.

ಈಚೆಗೊಂದು ರವಿವಾರ ಅವ್ವ ಕಟ್ಟೆಯ ಮೇಲೆ ಬಂದು ಕೂತಳು.

“ಎಷ್ಟ ತಿಕ್ಕತೀಯೋ ಬಾಳಾ? ಗಾಲಿ ಸವದ ಹೋದೀತು.”

ಬ್ರಶ್ಶು ಕೆಳಗಿಟ್ಟೆ. “ಅವ್ವಾ, ಅವತ್ತ ನಾಯಿ ಬಂದೇ ಇರಲಿಲ್ಲ. ನಾನ ಟಾಯರಿಗೆ ಎಣ್ಣಿ ಹಚ್ಚಿದ್ದೆ.”

ಐವತ್ತು ದಾಟಿದ ಗಂಡಸಿನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನಾನು ತಿಳಿದಿರಲಿಲ್ಲ.

“ಗೊತ್ತೈತಿ” ಎಂದಳು ಅವ್ವ. “ಬಿದ್ದಾಗ ಗಾಲಿ ನನ್ನ ಮಾರಿ ಮುಂದನ ಇತ್ತು. ನನ್ನ ತಲಿ ಎಣ್ಣಿ ವಾಸನಿ ನನಗ ತಿಳಿಯೂದಿಲ್ಲೇನು? ನಿಮ್ಮ ಮಾವ ಕೇಳಿದಾಗ ನಾನೂ ನಾಯಿ ಅಂತನ ಹೇಳೀನಿ.” ಮತ್ತೆ ಅಂದಳು, “ಪ್ರತಿ ಗುರುವಾರ ಬಸ್ಸಿಗೆ ಹೊಂಡೂ ಮುಂದ, ಇವತ್ತರ ಕರೀತಿ ಏನೋ ಅಂತ ಗಾಡಿ ಕಡೆ ನೋಡ್ತಿದ್ದೆ.”

ಆ ಗುರುವಾರ ಗಾಡಿ ತೆಗೆದೆ. ರಿಮ್ಮು ಹೊಳೆಯುತ್ತಿತ್ತು; ಟಾಯರನ್ನು ಸಬಕಾರ ಹಚ್ಚಿ ತೊಳೆದು ಒಣಗಿಸಿದ್ದೆ. ಅವ್ವ ಬಾಗಿ, ಬಲಗೈ ಬೆರಳಿನಿಂದ ಟಾಯರನ್ನು ಸವರಿ, ಮೂಸಿ ನೋಡಿದಳು. ಆಮೇಲೆ ಅದೇ ಕೈಯನ್ನು ನನ್ನ ಹೆಗಲಿಗೆ ಊರಿ ಹತ್ತಿ ಕೂತಳು.

ಮರಳಿ ಬಂದಾಗ ಸ್ಪೋಕಿನ ಸಂದುಸಂದಿನಲ್ಲಿ ಅಕ್ಕಲಕೋಟ ರಸ್ತೆಯ ಧೂಳು ಭದ್ರವಾಗಿ ಕೂತಿತ್ತು. ರವಿವಾರ ಬಂದು ಹೋಯಿತು. ಅದನ್ನು ತಿಕ್ಕಲು ನನಗೆ ಮನಸ್ಸಾಗಲಿಲ್ಲ.